ಗೂಡು ತಣ್ಣಗಿದ್ದ ವರ್ಷ

ಹಾಲಿಸ್ ರನ್, ಒಹಾಯೊ
ಸೆಪ್ಟೆಂಬರ್ 8, 2024

ಅಮ್ಮಾ,

ಫೋನ್ ಮಾಡಬೇಡ ಎಂದಿದ್ದೀಯ, ಮಾಡುವುದಿಲ್ಲ. ಕಾಗದ ಬರೆಯಬೇಡ ಎಂದು ಹೇಳಿದ ನೆನಪಿಲ್ಲ. ಓದಲು ಇಷ್ಟವಿಲ್ಲದಿದ್ದರೆ ಹರಿದುಹಾಕು, ಆದರೆ ವಾಪಸ್ ಮಾತ್ರ ಕಳಿಸಬೇಡ. ಅಂಚೆ ಹಂಚುವ ಜೋಸಿಯ ಬಾಯಿ ನಿನಗೆ ಗೊತ್ತಲ್ಲ, ಸಂಜೆಯೊಳಗೆ ಇಡೀ ಊರಿಗೆ ಸುದ್ದಿಯಾಗುತ್ತದೆ.

ಮನೆ ಚೆನ್ನಾಗಿದೆ. ಹಿತ್ತಿಲ ಮೆಟ್ಟಿಲಿನ ಕೊಳೆತ ಹಲಗೆ ಬದಲಿಸಿದೆ. ನಿನ್ನ ಟೊಮೆಟೊ ಗಿಡಗಳನ್ನು ಜಿಂಕೆ ತಿಂದವು. ಬೇಲಿ ಹಾಕುತ್ತೇನೆ ಎಂದುಕೊಂಡವಳು ಹಾಕಲಿಲ್ಲ, ಹಾಗಾಗಿ ಜಿಂಕೆಗಳನ್ನು ಬೈಯುವ ಹಕ್ಕು ನನಗಿಲ್ಲ.

ಬರೆಯಲು ಕಾರಣ ಬೇರೆ. ಕಾರ್ಖಾನೆಯಲ್ಲಿ ನನ್ನನ್ನು ಇಟ್ಟಿಗೆ ಅಂಗಳದಿಂದ ಆಫೀಸಿಗೆ ಹಾಕಿದ್ದಾರೆ. ಮ್ಯಾನೇಜರ್ ಟ್ರಾಯರ್ ಅವರೇ ಕರೆದು ಹೇಳಿದರು: "ಡಾರ್ಸಿ, ನೀನು ಒಂದ್ಕಡೆ ಕೂತ್ಕೊಳ್ಳೋಳಲ್ಲ ಅಂತ ಗೊತ್ತು. ಈ ಕೆಲ್ಸಕ್ಕೆ ಕೂತ್ಕೊಳ್ಳೋರು ಬೇಡ. ಮೂಲೆಮೂಲೆಗೂ ಓಡಾಡಿ ಕೇಳ್ಕೊಂಡು ಬರೋರು ಬೇಕು."

"ನಾನು ಹೈಸ್ಕೂಲೇ ಮುಗ್ಸಿಲ್ಲ, ಸರ್."

"ಮುಗ್ಸಿದೋರು ಯಾರೂ ಈ ಊರಲ್ಲಿ ಉಳ್ದಿಲ್ವಲ್ಲಮ್ಮ."

ಕೆಲಸ ಇಷ್ಟು: ನಮ್ಮ ಒಂದು ಇಟ್ಟಿಗೆಗೆ ಎಷ್ಟು ಕಾರ್ಬನ್ ಎಂದು ಲೆಕ್ಕ ಹಾಕುವುದು. ಈಗ ದೊಡ್ಡ ಕಟ್ಟಡ ಕಟ್ಟಿಸುವವರು ಬೆಲೆಯ ಜೊತೆಗೆ ಇದನ್ನೂ ಕೇಳುತ್ತಾರಂತೆ. ಪಿಟ್ಸ್‌ಬರ್ಗ್‌ನಿಂದ ಇಮೋಜನ್ ಶಾ ಎಂಬ ಹೆಂಗಸು ಬರುತ್ತಾಳೆ, ಈ ಲೆಕ್ಕವೇ ಅವಳ ಕಸುಬು. ಕೆಸರಿಗೆ ಹೆದರದ ಬೂಟು ಹಾಕಿಕೊಂಡು ಬಂದಿದ್ದಳು, ಅದಕ್ಕೇ ನನಗೆ ಹಿಡಿಸಿದಳು. "ಒಂದು ವರ್ಷ ನಿಮ್ಮ ಕಾರ್ಖಾನೆ ಬಿಟ್ಟ ಹೊಗೇನೆಲ್ಲ ಒಂದು ಮೂಟೆ ಕಟ್ಟಿದೀವಿ ಅಂದ್ಕೋ," ಎಂದಳು. "ಮಣ್ಣು ಅಗೆಯೋ ಯಂತ್ರದ ಡೀಸೆಲ್, ಅರೆಯೋ ಗಿರಣಿಯ ಕರೆಂಟು, ಗೂಡಲ್ಲಿ ಉರಿಯೋ ಗ್ಯಾಸು, ಎಲ್ಲದರ ಹೊಗೆ. ಅದನ್ನ ಆ ವರ್ಷದ ಇಟ್ಟಿಗೆಗಳಿಗೆಲ್ಲ ಸಮನಾಗಿ ಹಂಚು. ಒಂದೊಂದಕ್ಕೆ ಬಂದ ಪಾಲೇ ಅದರ ಕಾರ್ಬನ್. ಉಳಿದದ್ದೆಲ್ಲ ಬಿಲ್ಲು ಹುಡುಕೋ ಕೆಲ್ಸ."

ನಾನು ಬಿಲ್ಲು ಹುಡುಕುವವಳು. ಗೂಡಿನ ಬೆಂಕಿ ನೋಡುವ ಎಮಿಟ್ ನನಗೆ ಪ್ರೊಫೆಸರ್ ಎಂದು ಹೆಸರಿಟ್ಟಿದ್ದಾನೆ. "ಏನೇ ಪ್ರೊಫೆಸರ್, ಇವತ್ತು ನನ್ನ ಹೊಗೆ ಎಷ್ಟು ತೂಗ್ತು? ನಿನ್ನೆ ಬೀನ್ಸ್ ತಿಂದಿದ್ದೆ, ಅದನ್ನೂ ಸೇರ್ಸು."

ನಗುತ್ತಾನೆ, ಆದರೆ ಅವನಿಗೂ ಗೊತ್ತು. ಒಂದು ಕಾಲೇಜು ಹಾಸ್ಟೆಲ್ ಕಟ್ಟಿಸುತ್ತಿದೆ, ಒಂದಲ್ಲ, ಒಂದು ಬೀದಿಯುದ್ದಕ್ಕೂ. ಅದಕ್ಕೆ ಬೇಕಾದ ಇಟ್ಟಿಗೆಯ ಕಾರ್ಬನ್ ಒಂದು ಮಿತಿಯ ಕೆಳಗಿರಬೇಕು. ಇದ್ದರೆ ನಮ್ಮ ಗೂಡು ಇನ್ನು ಮೂರು ವರ್ಷ ಉರಿಯುತ್ತದೆ. ಇಲ್ಲದಿದ್ದರೆ ಮಾಲೀಕರು ಗೂಡು ಮುಚ್ಚುತ್ತಾರೆ. ಇದು ಗಾಳಿಮಾತಲ್ಲ, ಟ್ರಾಯರ್ ನಮ್ಮೆಲ್ಲರ ಎದುರಿಗೇ ಹೇಳಿದರು.

ಬಿಲ್ಲುಗಳೆಲ್ಲ ಪೂರ್ತಿ ಸಿಗುವ ಕಳೆದ ವರ್ಷವನ್ನೇ ಲೆಕ್ಕಕ್ಕೆ ಹಿಡಿಯಬೇಕಂತೆ. ಅಂದರೆ 2023. ಬೇರೆ ಯಾವ ವರ್ಷವಾಗಿದ್ದರೂ ನಿನಗೆ ಬರೆಯುತ್ತಿರಲಿಲ್ಲ.

ಡಾರ್ಸಿ


ಹಾಲಿಸ್ ರನ್
ಸೆಪ್ಟೆಂಬರ್ 29

ಅಮ್ಮಾ,

ಉತ್ತರ ಬರಲಿಲ್ಲ. ಕಾಗದ ವಾಪಸ್ಸೂ ಬರಲಿಲ್ಲ. ಇದನ್ನು ನಾನು ಒಳ್ಳೆಯ ಲಕ್ಷಣ ಎಂದುಕೊಂಡಿದ್ದೇನೆ.

ಗ್ಯಾಸ್ ಬಿಲ್ಲುಗಳನ್ನು ತಿಂಗಳ ಪ್ರಕಾರ ಜೋಡಿಸಿ ಇಮೋಜನ್‌ಗೆ ಕೊಟ್ಟೆ. ಅವಳು ನೋಡಿ, "ಫೆಬ್ರವರಿ, ಮಾರ್ಚಿಂದು ಸಿಗ್ಲಿಲ್ವಾ?" ಎಂದಳು.

"ಸಿಕ್ಕಿದೆ. ಅದರಲ್ಲಿ ಇರೋದೇ ಅಷ್ಟು. ಆಫೀಸಿನ ಹೀಟರಿಂದು."

"ಮತ್ತೆ ಗೂಡು?"

ಟ್ರಾಯರ್ ಪಕ್ಕದಲ್ಲೇ ಇದ್ದರು. "ಜನವರಿಯಲ್ಲಿ ಒಂದು ಘಟನೆ ಆಯ್ತು," ಎಂದರು. ಆಫೀಸಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ: ಘಟನೆ. ನಾನು ಮಾಡದ ತಪ್ಪಿಗೆ ಕ್ಷಮಾಪಣೆ ಬರೆದುಕೊಡಲಾರೆ ಎಂದು ಶಾಲೆ ಬಿಟ್ಟವಳು ನಾನು. ಇಂಥ ಮಾತು ಕೇಳಿಸಿಕೊಂಡು ಸುಮ್ಮನಿರುವುದು ನನ್ನಿಂದಾಗುವುದಿಲ್ಲ.

ಅವಳಿಗೆ ಹೇಳಿದೆ. ಹೇಗೆ ಹೇಳಿದೆನೋ ಹಾಗೇ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಗೂಡು ಒಂದು ಉದ್ದನೆಯ ಸುರಂಗ. ಇಟ್ಟಿಗೆ ಹೇರಿದ ಬಂಡಿಗಳು ಒಂದು ಬಾಯಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತವೆ. ಆ ದಿನ ಒಳಗೆ ಒಂದು ಬಂಡಿಯ ಇಟ್ಟಿಗೆ ಕುಸಿದು ಸಾಲು ಪೂರ್ತಿ ಸಿಕ್ಕಿಹಾಕಿಕೊಂಡಿತು. ಬಂಡಿಗಳ ಕೆಳಗೆ ಒಬ್ಬ ಬಗ್ಗಿಕೊಂಡು ಹೋಗುವಷ್ಟು ಜಾಗವಿದೆ. ಗೂಡು ತಣಿಯುವ ತನಕ ಕಾಯಬೇಕಿತ್ತು. ಕಾಯಲಿಲ್ಲ. ವೇಡ್ ಮಿಹಾಲಿಕ್ ಕೆಳಗೆ ಹೋದ. ಯಾರೂ ಕಳಿಸಲಿಲ್ಲ, ಯಾರೂ ತಡೆಯಲೂ ಇಲ್ಲ. ಕೆಟ್ಟ ಹೊಗೆ ಕೆಳಗೆ ತುಂಬಿಕೊಂಡಿತ್ತು. ಅವನಿಗೆ ಇಪ್ಪತ್ತಾರು. ಅವನು ನನ್ನ ಅಣ್ಣ. ಸರ್ಕಾರದವರು ಬಂದು ಗೂಡಿಗೆ ಬೀಗ ಹಾಕಿದರು. ಏಪ್ರಿಲ್ ತನಕ ಅದು ತಣ್ಣಗಿತ್ತು.

ಇಮೋಜನ್ ಪೆನ್ನು ಕೆಳಗಿಟ್ಟಳು. "ಅಯ್ಯೋ," ಎಂದಳು. ನನಗೆ ಅದು ಸಾಕಾಯಿತು.

ಆ ಚಳಿಗಾಲದ ಒಂದು ಸಂಗತಿ ಅವಳಿಗೆ ಹೇಳಲಿಲ್ಲ, ನಿನಗೆ ನೆನಪಿರಬಹುದು. ಹುಟ್ಟಿದಾಗಿನಿಂದ ನಾನು ಗೂಡಿನ ಮಾಡಿನ ಮೇಲೆ ಹಿಮ ನಿಂತದ್ದು ನೋಡಿರಲಿಲ್ಲ. ಎಷ್ಟು ಬಿದ್ದರೂ ಬಿದ್ದ ಹಾಗೇ ಕರಗಿ ಆವಿಯಾಗುತ್ತಿತ್ತು. ಆ ವರ್ಷ ನಿಂತಿತು. ನೀನು ಗೂಡು ಕಾಣುವ ಅಡುಗೆಮನೆ ಕಿಟಕಿಯ ಪರದೆ ಎಳೆದು, ಪಿನ್ನು ಚುಚ್ಚಿ ಮುಚ್ಚಿಬಿಟ್ಟೆ. ಪಿನ್ನುಗಳು ಈಗಲೂ ಅಲ್ಲೇ ಇವೆ.

ಡಾರ್ಸಿ


ಈರಿ, ಪೆನ್ಸಿಲ್ವೇನಿಯಾ
ಅಕ್ಟೋಬರ್ 12

ಡಾರ್ಸಿ,

ಎರಡೂ ಕಾಗದ ತಲುಪಿವೆ.

ಫೋನ್ ಬೇಡವೆಂದದ್ದು ಕೋಪಕ್ಕಲ್ಲ. ಫೋನಿನಲ್ಲಿ ನಿನ್ನ ದನಿ ಅವನದರ ಹಾಗೇ ಕೇಳಿಸುತ್ತದೆ. "ಹಲೋ" ಎಂದರೆ ಸಾಕು. ನನ್ನಿಂದಾಗುವುದಿಲ್ಲ.

ಕೋಪವೂ ಇದೆ. ಅದು ಬೇರೆ. ಅವನನ್ನು ನುಂಗಿದ ಗೂಡಿಗೆ ನನ್ನ ಹೊಟ್ಟೆಯಲ್ಲೇ ಹುಟ್ಟಿದ ಇನ್ನೊಬ್ಬಳು ಬೆಂಕಿ ಕೊಟ್ಟಳು. ನಾನು ಮಾಡುವುದಿಲ್ಲ ಎಂದು ಪಾದ್ರಿಗೂ ಟ್ರಾಯರ್‌ಗೂ ಹೇಳಿ ಕಳಿಸಿದ ಮೇಲೆ, ನೀನು ಹಿಂಬಾಗಿಲಿಂದ ಹೋಗಿ ಮಾಡಿದೆ.

ಇಲ್ಲಿ ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಸಿಕ್ಕಿದೆ. ಕೋಣೆ ಕೊಟ್ಟಿರುವ ಪ್ಯಾಟ್ರಿಸ್ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಚಳಿಗಾಲದ ಮೊದಲು ಹೀಟರ್ ಚಿಮಣಿ ತೆಗೆಸಿ ನೋಡಿಸು. ಸದ್ದಿಲ್ಲದೆ ಸಾಯಿಸುವ ಹೊಗೆ ಗೂಡಿನಲ್ಲಿ ಮಾತ್ರ ಇರುವುದಲ್ಲ.

ಲೊರೀನ್ ಮಿಹಾಲಿಕ್


ಹಾಲಿಸ್ ರನ್
ಅಕ್ಟೋಬರ್ 20

ಅಮ್ಮಾ,

ಚಿಮಣಿ ನೋಡಿಸಿದೆ. ಒಂದು ಹಳೆಯ ಗುಬ್ಬಚ್ಚಿ ಗೂಡಿತ್ತು, ತೆಗೆಸಿದೆ. ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದೀಯ, ಬ್ಯಾಂಕಿಗೆ ಬರೆದ ಹಾಗೆ. ಇರಲಿ. ನೀನು ಬರೆದೆ, ಅದೇ ಸಾಕು.

ಹಿಂಬಾಗಿಲಿಂದ ಹೋಗಲಿಲ್ಲ. ಮುಂದಿನ ಗೇಟಿನಿಂದಲೇ, ಎಲ್ಲರೆದುರಿಗೆ ಹೋದೆ. ಸತ್ತವನ ಮನೆಯವರು ಬೆಂಕಿ ಕೊಡದೆ ಹಾಲಿಸ್ ರನ್ನಿನ ಯಾರೂ ಆ ಗೂಡಿನ ಹತ್ತಿರ ಹೋಗುವುದಿಲ್ಲ. ಇದು ಕಂಪನಿಯ ನಿಯಮವಲ್ಲ, ನಮ್ಮ ಅಜ್ಜಂದಿರು ಮಾಡಿಕೊಂಡದ್ದು. ಬೀಗ ತೆಗೆದು ಎರಡು ವಾರವಾದರೂ ಗಂಡಸರು ಗೇಟಿನ ಹೊರಗೇ ನಿಂತಿದ್ದರು. ಟ್ರಾಯರ್ ಬೈದರು, ಬೇಡಿಕೊಂಡರು, ಯಾರೂ ಕದಲಲಿಲ್ಲ. ಅವರೆಲ್ಲರ ಮನೆಯಲ್ಲಿ ಆ ಚಳಿಗಾಲ ಹೇಗೆ ಕಳೆಯಿತೆಂದು ನಿನಗೆ ಗೊತ್ತು. ಚರ್ಚಿನ ಹೆಂಗಸರು ಮಾರಲು ಮಾಡುತ್ತಿದ್ದ ಪಿರೋಗಿ ಕಡುಬುಗಳನ್ನು ಮಾರದೆ ಹಂಚಿಬಿಟ್ಟರು.

ಎಮಿಟ್ ಉದ್ದನೆಯ ಕೊಳ್ಳಿ ನನ್ನ ಕೈಗೆ ಕೊಟ್ಟು, "ಹಚ್ಚಿದ್ರೆ ಕ್ಷಮಿಸಿದ ಹಾಗೆ, ಮರಿ," ಎಂದ. ನಾನು, "ಕ್ಷಮಿಸಿಲ್ಲ. ಬರೀ ಹಚ್ತೀನಿ," ಎಂದೆ. ಅವನು, "ಗೂಡಿಗೇನು ಗೊತ್ತಾಗುತ್ತೆ," ಎಂದ.

ನೀನು ಮನೆ ಬಿಟ್ಟು ಹೋಗುತ್ತೀಯ ಎಂದು ಗೊತ್ತಿದ್ದರೆ ಹಚ್ಚುತ್ತಿರಲಿಲ್ಲವೇ? ಇದನ್ನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹಚ್ಚುತ್ತಿದ್ದೆ ಎಂದೇ ಅನಿಸುತ್ತದೆ. ನಿನಗೆ ಬೇರೆ ಉತ್ತರ ಬೇಕಾಗಿರಬಹುದು, ನನ್ನ ಹತ್ತಿರ ಇರುವುದು ಇದೇ.

ಈಗ ಕಾರ್ಬನ್ ವಿಷಯ, ಏಕೆಂದರೆ ಅದು ಕೆಟ್ಟಿದೆ.

ಲೆಕ್ಕ ಬಂತು. ನಮ್ಮ ಇಟ್ಟಿಗೆ ಮಿತಿಗಿಂತ ಎಷ್ಟೋ ಕೆಳಗೆ. ಟ್ರಾಯರ್ ಡೋನಟ್ ತರಿಸಿದರು. ಇಮೋಜನ್ ಮಾತ್ರ ತಿನ್ನಲಿಲ್ಲ. "ಇಷ್ಟು ಕಡಿಮೆ ಬರೋಕೆ ಸಾಧ್ಯಾನೇ ಇಲ್ಲ," ಎಂದಳು. "ಯಾವ ಇಟ್ಟಿಗೆಗಳಿಗೆ ಹಂಚಿದ್ರಿ? ಸುಟ್ಟದ್ದಕ್ಕೋ, ಲಾರಿ ಹತ್ತಿದ್ದಕ್ಕೋ?"

"ಲಾರಿ ಹತ್ತಿದ್ದಕ್ಕೆ," ಎಂದರು ಟ್ರಾಯರ್. "ಮಾರಿದ್ದೇ ತಾನೆ ಲೆಕ್ಕ?"

ನಿನಗೆ ಬಿಡಿಸಿ ಹೇಳುತ್ತೇನೆ. ಆ ಚಳಿಗಾಲ ಗೂಡು ಆರಿತ್ತು, ಆದರೆ ಮಾರಾಟ ನಿಲ್ಲಲಿಲ್ಲ. ಅಂಗಳದಲ್ಲಿ ಹಿಂದಿನ ವರ್ಷ ಸುಟ್ಟ ಇಟ್ಟಿಗೆ ಬೆಟ್ಟದ ಹಾಗೆ ಬಿದ್ದಿತ್ತು. ಅದನ್ನೇ ತುಂಬಿ ಕಳಿಸಿದರು. ಅಂದರೆ ಮೂಟೆಯಲ್ಲಿ ಹೊಗೆ ಮುಕ್ಕಾಲು ವರ್ಷದ್ದು, ಹಂಚಿದ್ದು ಇಡೀ ವರ್ಷದ ಇಟ್ಟಿಗೆಗೆ. ಆ ಹಳೆಯ ಇಟ್ಟಿಗೆಗಳು ಬೆಂಕಿಯನ್ನೇ ಕಾಣದೆ, ಬಿಸಿಲಲ್ಲಿ ಒಣಗಿ ಹುಟ್ಟಿದ ಹಾಗಾಯಿತು.

"ಸುಟ್ಟದ್ದಕ್ಕೆ ಹಂಚಿ ನೋಡೋಣ," ಎಂದಳು ಇಮೋಜನ್. ಎಷ್ಟು ಬಂಡಿ ಗೂಡಿಗೆ ಹೋಯಿತೆಂದು ಪ್ರತಿ ಪಾಳಿಯವರೂ ಬರೆದಿಡುತ್ತಾರೆ, ಅದೇನು ಗುಟ್ಟಲ್ಲ. ಹಂಚಿ ನೋಡಿದೆವು. ಮಿತಿಯ ಮೇಲಕ್ಕೆ ಹೋಯಿತು. ತುಂಬಾ ಏನಲ್ಲ. ಆದರೆ ಮೇಲೆ.

ಟ್ರಾಯರ್ ಬಾಗಿಲು ಹಾಕಿದರು. "ಮೊದಲಿನ ಲೆಕ್ಕ ನಿಯಮಕ್ಕೆ ವಿರೋಧಾನಾ?"

"ವರ್ಷ ಮಾಮೂಲಿ ಆಗಿದ್ರೆ ನಡೆಯುತ್ತೆ," ಎಂದಳು ಅವಳು. "ಮಾಮೂಲಿ ಅಂತ ಕಂಪನಿ ಬರ್ಕೊಡಬೇಕು. ಬರ್ಕೊಟ್ರೆ, ಅದು ನಿಮ್ಮ ಮಾತು. ನಾನು ನಿಮ್ಮ ಮಾತಿನ ಮೇಲೆ ಲೆಕ್ಕ ಮಾಡ್ತೀನಿ."

"ಹಾಗಾದ್ರೆ ಬರ್ಕೊಡ್ತೀವಿ," ಎಂದು ಅವರು ನನ್ನ ಕಡೆ ನೋಡಿದರು. ವಿವರ ಒದಗಿಸಿದವರು ಎಂಬ ಜಾಗದಲ್ಲಿ ಇರುವುದು ನನ್ನ ಹೆಸರು.

ನಾನು ಇನ್ನೂ ಬರೆದುಕೊಟ್ಟಿಲ್ಲ.

ಡಾರ್ಸಿ


ಈರಿ
ನವೆಂಬರ್ 10

ಡಾರ್ಸಿ,

ಬರೆದುಕೊಟ್ಟುಬಿಡು.

ಆ ಸಂಖ್ಯೆ ಚಿಕ್ಕದಾಗಿರುವುದು ನನ್ನ ಮಗ ಸತ್ತದ್ದರಿಂದ. ಆ ಕಂಪನಿ ಅವನಿಗಾಗಿ ಮಾಡಿದ್ದೆಂದರೆ ಒಂದು ಹೂವಿನ ಚಕ್ರ ಕಳಿಸಿದ್ದು, ಗೂಡು ಆರಿಸಿದ್ದು. ಆರಿಸಿದ್ದೂ ಬೀಗ ಬಿದ್ದದ್ದಕ್ಕೆ. ಹೋಗಲಿ, ಆ ಚಳಿಯಿಂದ ಯಾರಿಗಾದರೂ ಒಂದು ಉಪಕಾರವಾಗಲಿ. ಎಮಿಟ್‌ನ ಹೆಂಡತಿ ವರ್ನಾ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಾಳೆ. ಅದು ನಡೆಯುತ್ತಿರುವುದು ಅವನ ಕೆಲಸದ ವಿಮೆಯಿಂದ. ಗೂಡು ಮುಚ್ಚಿದರೆ ಅವಳೇನು ಮಾಡುತ್ತಾಳೆ? ಆ ಹಾಸ್ಟೆಲಿನಲ್ಲಿ ಮಲಗುವ ಮಕ್ಕಳಿಗೆ ಗೋಡೆಯ ಇಟ್ಟಿಗೆ ಯಾವ ವರ್ಷದ್ದೆಂದು ಗೊತ್ತಾಗಬೇಕೇ?

ಮೂಗಿನ ಮೇಲೆ ಸಿಟ್ಟಿದ್ದ ಹಾಗೆ ನಿನಗೆ ನಾಲಗೆಯ ಮೇಲೆ ಸತ್ಯ. ಶಾಲೆಯಲ್ಲೂ ಹೀಗೇ ಮಾಡಿದೆ. ಕ್ಷಮಿಸಿ ಎಂಬ ಒಂದು ಸಾಲು ಬರೆದಿದ್ದರೆ ಇವತ್ತು ನೀನೂ ಅಂಥ ಹಾಸ್ಟೆಲಿನಲ್ಲಿ ಇರುತ್ತಿದ್ದೆ. ವೇಡ್ ಎಷ್ಟು ಹೇಳಿದ.

ಗೂಡಿಗೆ ಬೆಂಕಿ ಹಚ್ಚಿದ್ದು ಅವರೆಲ್ಲರ ಹೊಟ್ಟೆಗಾಗಿ ಎಂದೆ ನೀನು. ಹಾಗಾದರೆ ಈಗ ಅದೇ ಹೊಟ್ಟೆಯ ಮೇಲೆ ಹೊಡೆಯಬೇಡ. ಎರಡರಲ್ಲಿ ಒಂದಾದರೂ ಸರಿಯಾಗಿರಲಿ.

ಲೊರೀನ್


ಹಾಲಿಸ್ ರನ್
ಡಿಸೆಂಬರ್ 1

ಅಮ್ಮಾ,

ನಾಳೆ ಜಿಂಕೆ ಬೇಟೆಯ ಮೊದಲ ದಿನ. ಕಾರ್ಖಾನೆಯಲ್ಲಿ ಅರ್ಧ ಜನ ಇರುವುದಿಲ್ಲ. ಎಮಿಟ್ ಈ ಸಲ ಹೋಗುತ್ತಿಲ್ಲ, ಸೋಮವಾರ ವರ್ನಾಳ ಸರದಿ. ಅವಳನ್ನು ನೋಡಿಬಂದೆ. ಕೈ ಬಾತುಕೊಂಡು ಉಂಗುರ ಕತ್ತರಿಸಿ ತೆಗೆದಿದ್ದಾರೆ. ನನಗೆ ಕೋಸು, ನೂಡಲ್ಸಿನ ಹಲುಷ್ಕಿ ಬಡಿಸಿದಳು, ಬೆಣ್ಣೆ ಹೆಚ್ಚಾಗಿ, ನಿನ್ನದರ ಹಾಗೆ. ನೀನು ಬರೆದದ್ದು ನನಗೆ ಗೊತ್ತಿಲ್ಲದ ಮಾತಲ್ಲ.

ಎಮಿಟ್ ನನ್ನನ್ನು ಕಾರಿನ ತನಕ ಬಿಡಲು ಬಂದ. "ಸುಳ್ಳು ಹೇಳು ಅಂತ ಯಾರೂ ಹೇಳ್ತಿಲ್ಲ ಕಣೇ. ಸುಮ್ಮನಿರು ಅಂತಿದೀವಿ."

"ಮಾಮೂಲಿ ವರ್ಷ ಅಂತ ಬರ್ಕೊಡೋದು ಸುಮ್ಮನಿರೋದಾ?"

"ನಿನ್ ತಲೆ! ನಿಮ್ಮಣ್ಣ ಇದ್ದಿದ್ರೆ ಎರಡು ಬಾರಿಸ್ತಿದ್ದ."

ಇದ್ದಿದ್ದರೆ ಬಾರಿಸುತ್ತಿದ್ದ, ಅದು ನಿಜ.

ಆದರೆ ಅಮ್ಮ, ನೀನು ಒಂದು ಕಡೆ ತಪ್ಪಿದ್ದೀಯ. ಸಂಖ್ಯೆ ಚಿಕ್ಕದಾದದ್ದು ಅವನು ಸತ್ತದ್ದರಿಂದಲ್ಲ. ಅವನು ಮಾಡಿದ ಕೆಲಸವನ್ನು ಬಿಟ್ಟದ್ದರಿಂದ. ಆ ಚಳಿಗಾಲ ಲಾರಿ ಹತ್ತಿದ ಇಟ್ಟಿಗೆ ಯಾರು ಸುಟ್ಟದ್ದು? ಹಿಂದಿನ ವರ್ಷ ಬೇಸಿಗೆಯಿಂದ ಕ್ರಿಸ್‌ಮಸ್ ತನಕ ವೇಡ್ ಮತ್ತು ಎಮಿಟ್ ಒಂದರ ಮೇಲೊಂದು ಪಾಳಿ ಮಾಡಿದ್ದು ನೆನಪಿದೆಯೇ? ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ಕೂತರೆ ನಿದ್ದೆ ಬರುತ್ತದೆ ಎಂದು ನಿಂತೇ ತಿನ್ನುತ್ತಿದ್ದ. ನೀನು ಹಿಂದೆ ಕುರ್ಚಿ ಹಿಡಿದುಕೊಂಡು ನಿಂತಿರುತ್ತಿದ್ದೆ. ಆ ಬೆಟ್ಟದಷ್ಟು ಇಟ್ಟಿಗೆ ಅವನ ಕೈಯಲ್ಲಿ ಬೆಂದದ್ದು. ಆ ಗ್ಯಾಸು ಉರಿದದ್ದು ಅವನ ಕಣ್ಣೆದುರಿಗೆ. ಅದರ ಹೊಗೆಯನ್ನು ಲೆಕ್ಕದಿಂದ ತೆಗೆದರೆ, ಆ ಇಟ್ಟಿಗೆಯನ್ನು ಯಾರೂ ಸುಟ್ಟೇ ಇಲ್ಲ ಎಂದ ಹಾಗೆ.

ಅವನ ಸಾವನ್ನು "ಘಟನೆ" ಎಂದರು, ಎಷ್ಟೋ ದಿನ ನುಂಗಿಕೊಂಡೆ. ಅವನ ಕೆಲಸವನ್ನೂ ಇಲ್ಲವೆಂದರೆ ನುಂಗಲಾರೆ. ಉಳಿದಿರುವುದು ಅದೊಂದೇ.

ಲೆಕ್ಕವನ್ನು ಪರಿಶೀಲಿಸುವ ಹೊರಗಿನವನು ಡಿಸೆಂಬರ್ ಹತ್ತರಂದು ಕಂಪ್ಯೂಟರಿನಲ್ಲಿ ನಮ್ಮೊಡನೆ ಮಾತಾಡುತ್ತಾನೆ. ಮಾಮೂಲಿ ವರ್ಷ ಎಂದು ಕೊನೆಗೆ ಟ್ರಾಯರ್ ತಾವೇ ಬರೆದುಕೊಟ್ಟರು. ನಾನು ಅವರ ಕೋಣೆಗೆ ಹೋಗಿ ಮೊದಲೇ ಹೇಳಿಬಂದೆ: "ಅವನು ನನ್ನನ್ನ ಕೇಳಿದ್ರೆ ಇಲ್ಲದ್ದು ಹೇಳಲ್ಲ, ಸರ್."

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಕೇಳಲ್ಲಮ್ಮ ಅವರು. ಯಾರೂ ಕೇಳಲ್ಲ."

ಡಾರ್ಸಿ


ಹಾಲಿಸ್ ರನ್
ಡಿಸೆಂಬರ್ 11

ಅಮ್ಮಾ,

ಕೇಳಿದ.

ಹೆಸರು ಲಿಂಡ್ಕ್ವಿಸ್ಟ್. ಮಿನೆಸೋಟಾದ ತನ್ನ ಮನೆಯಲ್ಲಿ ಕೂತಿದ್ದ. ಮಾತಿನ ಮಧ್ಯೆ ಅವನ ಬೆಕ್ಕು ಪರದೆಗೆ ಬಾಲ ಅಡ್ಡ ಹಿಡಿದು ಓಡಾಡುತ್ತಿತ್ತು. ಡೀಸೆಲ್ ಕೇಳಿದ, ಮಣ್ಣಿನ ತೂಕ ಕೇಳಿದ. ಎಲ್ಲಕ್ಕೂ ಇಮೋಜನ್ ಉತ್ತರ ಕೊಟ್ಟಳು. ಮುಗಿಯಿತು ಎಂದುಕೊಂಡು ಟ್ರಾಯರ್ ಕುರ್ಚಿ ಹಿಂದೆ ಸರಿಸಿದರು.

ಆಗ ಅವನು, "ಮಿಸ್ ಮಿಹಾಲಿಕ್, ವಿವರ ಒದಗಿಸಿದೋರು ನೀವು ಅಂತ ಇದೆ. ಫೆಬ್ರವರಿ, ಮಾರ್ಚಿನ ಗ್ಯಾಸು ಇಷ್ಟು ಇಳಿದಿದೆ. ಮಾಮೂಲಿ ವರ್ಷ ಅಂತ ಬರ್ದಿದೀರಿ. ಮಾಮೂಲೀನಾ?"

ಇಮೋಜನ್ ಮೇಜನ್ನೇ ನೋಡುತ್ತಿದ್ದಳು. ಟ್ರಾಯರ್ ಕಿಟಕಿಯಾಚೆ ನೋಡುತ್ತಿದ್ದರು. ಅಲ್ಲಿ ಎಮಿಟ್ ಮತ್ತೆ ಹುಡುಗರು ಬಂಡಿ ತಳ್ಳುತ್ತಿದ್ದರು. ಅವನ ಟೋಪಿ ಕಾಣುತ್ತಿತ್ತು.

ನಾನು ಹೊತ್ತು ತೆಗೆದುಕೊಂಡೆ. ಅದನ್ನೂ ಹೇಳಬೇಕು. ವರ್ನಾಳ ಕೈ ನೆನಪಾಯಿತು. ನಿನ್ನ ಕಾಗದವೂ ನೆನಪಾಯಿತು. ಒಂದು ಕ್ಷಣ ನಾಲಗೆಯ ತುದಿಗೆ "ಹೌದು" ಬಂದಿತ್ತು.

"ಅಲ್ಲ," ಎಂದೆ. "ಗೂಡಿನ ಕೆಳಗೆ ನನ್ನಣ್ಣ ಸತ್ತ. ಏಪ್ರಿಲ್ ತನಕ ಗೂಡು ಆರಿತ್ತು. ಆಗ ಕಳಿಸಿದ ಇಟ್ಟಿಗೆ ಅವನು ಬದುಕಿದ್ದಾಗ ಸುಟ್ಟದ್ದು. ಅದರ ಗ್ಯಾಸು ಇದರಲ್ಲಿ ಬಂದಿಲ್ಲ."

ಅವನು ಬೆಕ್ಕನ್ನು ಎತ್ತಿ ಕೆಳಗಿಟ್ಟ. "ಐ ಆಮ್ ಸಾರಿ," ಎಂದ. ಆಮೇಲೆ ಬರೆದುಕೊಂಡ. ಬರೆದುಕೊಳ್ಳುವ ಸದ್ದು ನಮ್ಮ ಕೋಣೆಗೂ ಕೇಳಿಸಿತು.

ಟ್ರಾಯರ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮನೆಗೆ ಹೋಗು, ಡಾರ್ಸಿ," ಎಂದರು ಅಷ್ಟೆ. ಇಮೋಜನ್ ಕಾರಿನ ಹತ್ತಿರ ಬಂದು ನನ್ನ ತೋಳು ಹಿಡಿದು, "ನಾನೇ ಹೇಳಬಹುದಿತ್ತು," ಎಂದಳು. "ಹೌದು, ಹೇಳಬಹುದಿತ್ತು," ಎಂದೆ. ಅವಳು ತೋಳು ಬಿಟ್ಟಳು.

ಸರಿಪಡಿಸಿದ ಲೆಕ್ಕಕ್ಕೆ ಕಾರಣ ಬರೆಯುವ ಜಾಗವೊಂದಿದೆ. "ಅನಿವಾರ್ಯ ಸ್ಥಗಿತ" ಎಂದು ಹಾಕುತ್ತೇವೆ ಎಂದರು. ನಾನು ಒಪ್ಪಲಿಲ್ಲ.

ನೀನು ಈಗ ಬರೆಯದೆಯೂ ಇರಬಹುದು. ಕ್ರಿಸ್‌ಮಸ್‌ಗೆ ಅಕ್ರೋಟಿನ ರೊಟ್ಟಿ ಮಾಡಿ ಕಳಿಸುತ್ತಿದ್ದೇನೆ. ಒಂದು ಬದಿ ಬಿರಿದಿದೆ.

ಡಾರ್ಸಿ


ಹಾಲಿಸ್ ರನ್
ಜನವರಿ 19, 2025

ಅಮ್ಮಾ,

ನೀನು ಬರೆದಿಲ್ಲ. ನಾನೂ ಇಷ್ಟು ದಿನ ಬರೆಯಲಿಲ್ಲ, ಬರೆಯುವಂಥದ್ದು ಮುಗಿಯಲಿ ಎಂದು ಕಾದೆ. ಈಗ ಮುಗಿದಿದೆ.

ಕಾಲೇಜಿನ ಕೆಲಸ ಬೇರೆಯವರಿಗೆ ಹೋಯಿತು. ಮೂರು ರಾಜ್ಯಗಳಾಚೆಯ ಕಾರ್ಖಾನೆ. ಅವರ ಇಟ್ಟಿಗೆಯ ಕಾರ್ಬನ್ ನಮ್ಮದಕ್ಕಿಂತ ಕಡಿಮೆ ಎಂದು ಹಾಳೆ ಹೇಳುತ್ತದೆ. ಅಲ್ಲಿಂದ ಇಲ್ಲಿಗೆ ಹೊತ್ತು ತರುವ ಲಾರಿಗಳ ಹೊಗೆಯ ಲೆಕ್ಕ ಎಲ್ಲಿ ಎಂದು ಇಮೋಜನ್‌ಗೆ ಕೇಳಿದೆ. ಈ ಲೆಕ್ಕ ಕಾರ್ಖಾನೆಯ ಗೇಟಿಗೆ ಮುಗಿಯುತ್ತದಂತೆ. ಗೇಟಿನಾಚೆಯದು ಹಾಳೆಗೆ ಬರುವುದಿಲ್ಲ. ಆ ಗೋಡೆಯ ನಿಜವಾದ ಹೊಗೆ ನಮ್ಮ ಗೋಡೆಗಿಂತ ಹೆಚ್ಚೇ ಇರಬಹುದು, ಯಾರಿಗೂ ಗೊತ್ತಾಗುವುದಿಲ್ಲ. ನಾನು ನಿಜ ಹೇಳಿದ್ದರಿಂದ ಗಾಳಿ ಏನೂ ಶುದ್ಧವಾಗಲಿಲ್ಲ. ಇದನ್ನು ನಿನ್ನಿಂದ ಬಚ್ಚಿಟ್ಟು ದೊಡ್ಡವಳಾಗಲಾರೆ.

ಮಾಲೀಕರು ಗೂಡು ಮುಚ್ಚಿಸಿದರು. ಅಂಗಳದಲ್ಲಿ ಇರುವುದನ್ನು ಮಾರುವ ತನಕ ನಾಲ್ಕು ಜನ ಇರುತ್ತಾರೆ, ಅವರಲ್ಲಿ ನಾನಿಲ್ಲ, ಎಮಿಟ್ ಇಲ್ಲ. ವರ್ನಾಳ ವಿಮೆ ಈ ತಿಂಗಳ ಕೊನೆಯವರೆಗೆ. ಸರ್ಕಾರದಿಂದ ಏನೋ ಸಿಗುತ್ತದೆ ಎನ್ನುತ್ತಾರೆ, ಅರ್ಜಿ ಹಾಕಿದ್ದಾರೆ. ಅಂಗಡಿಯಲ್ಲಿ ನನ್ನ ಹಿಂದೆ ನಿಂತವರು ಬೇರೆ ಸಾಲಿಗೆ ಹೋಗುತ್ತಾರೆ. ಜೋಸಿ ಕೂಡ ಅಂಚೆಯನ್ನು ಪೆಟ್ಟಿಗೆಗೆ ತುರುಕಿ ಮಾತಾಡದೆ ಹೋಗುತ್ತಾಳೆ. ಅವಳು ಮಾತಾಡದಿರುವುದೆಂದರೆ ಎಷ್ಟು ಎಂದು ನೀನೇ ಅಂದಾಜು ಮಾಡು.

ಗುರುವಾರ ಕೊನೆಯ ಬಂಡಿ ಹೊರಗೆ ಬಂತು. ಎಲ್ಲರೂ ಸುತ್ತ ನಿಂತಿದ್ದರು. ಹಚ್ಚುವುದಕ್ಕೆ ಪದ್ಧತಿ ಇದೆ, ಆರಿಸುವುದಕ್ಕೆ ಇಲ್ಲ. ಯಾರೂ ಗ್ಯಾಸಿನ ವಾಲ್ವಿಗೆ ಕೈ ಹಾಕಲಿಲ್ಲ. ಆಗ ಎಮಿಟ್ ತಿರುಗಿ ನನ್ನನ್ನು ಹುಡುಕಿದ. ನಾನು ಗೇಟಿನ ಹತ್ತಿರ ಹಿಂದೆ ನಿಂತಿದ್ದೆ.

"ಬಾ ಪ್ರೊಫೆಸರ್," ಎಂದ. "ಹಚ್ಚಿದೋಳೇ ಆರಿಸು."

ಯಾರೋ, "ಬಿಡು ಎಮಿಟ್," ಎಂದರು. ಅವನು ಬಿಡಲಿಲ್ಲ. ದಾರಿ ಬಿಟ್ಟರು, ಹೋದೆ. ವಾಲ್ವ್ ತುಂಬಾ ಬಿಗಿಯಿತ್ತು, ಒಂದೇ ಸಲಕ್ಕೆ ತಿರುಗಲಿಲ್ಲ. ಅವನೇ ಬಂದು ನನ್ನ ಕೈಯ ಮೇಲೆ ಕೈ ಇಟ್ಟು ತಿರುಗಿಸಿದ. ಸಹಾಯಕ್ಕೋ ಸಿಟ್ಟಿಗೋ ಗೊತ್ತಾಗಲಿಲ್ಲ. ಒಳಗಿನ ಮೊರೆತ ನಿಂತಿತು. ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದ ಸದ್ದು ಅದು, ಆ ಒಂದು ಚಳಿಗಾಲ ಬಿಟ್ಟು.

ಲೆಕ್ಕದ ಹಾಳೆ ಅಚ್ಚಾಗಿ ಬಂದಿದೆ. ಅದನ್ನು ಈಗ ಯಾರೂ ಕೇಳುವವರಿಲ್ಲ, ಆದರೂ ನಿಯಮದ ಪ್ರಕಾರ ಐದು ವರ್ಷ ಎಲ್ಲರೂ ನೋಡುವ ಹಾಗೆ ಇರುತ್ತದೆ. ಒಂದು ಪ್ರತಿ ಇದರೊಡನೆ ಇಟ್ಟಿದ್ದೇನೆ. ನಾಲ್ಕನೇ ಪುಟದ ಕೆಳಗೆ ನೋಡು. ಆ ಸಾಲಿಗಾಗಿ ಇಮೋಜನ್ ಟ್ರಾಯರ್ ಜೊತೆ ಜಗಳವಾಡಿದಳು. "ಈ ವರ್ಷ ಒಬ್ಬ ಕೆಲಸಗಾರ ಗೂಡಿನಲ್ಲಿ ಸತ್ತದ್ದರಿಂದ ಗೂಡು ಏಪ್ರಿಲ್‌ವರೆಗೆ ಆರಿತ್ತು. ಆ ಅವಧಿಯಲ್ಲಿ ರವಾನೆಯಾದ ಇಟ್ಟಿಗೆಗಳು ಹಿಂದಿನ ವರ್ಷ ಸುಟ್ಟವು. ಅವುಗಳ ಹೊಗೆಯನ್ನು ಸೇರಿಸಲಾಗಿದೆ." ಹೆಸರು ಹಾಕಲು ಜಾಗವಿಲ್ಲವಂತೆ. ಕೇಳಿದೆ.

ನಾನು ಮಾಡಿದ್ದು ಸರಿ ಎಂದು ಹೇಳು ಅಂತ ಬರೆಯುತ್ತಿಲ್ಲ. ನನಗೇ ಗೊತ್ತಿಲ್ಲ. ಸುಳ್ಳಲ್ಲ ಎಂಬುದಷ್ಟೇ ಗೊತ್ತು.

ಡಾರ್ಸಿ


ಈರಿ
ಜನವರಿ 30

ಡಾರ್ಸಿ,

ವರ್ನಾ ಫೋನ್ ಮಾಡಿದ್ದಳು. ನಿನ್ನನ್ನು ತುಂಬಾ ಹೊತ್ತು ಬೈದಳು, ಆಮೇಲೆ ಅತ್ತಳು. ನಾನು ತಡೆಯಲಿಲ್ಲ, ಜೊತೆ ಸೇರಿ ಬೈಯಲೂ ಇಲ್ಲ. ನಾನಾಗಿದ್ದರೆ ಹೌದು ಎಂದು ಹೇಳಿ ಮನೆಗೆ ಬರುತ್ತಿದ್ದೆ. ಈಗಲೂ ಹಾಗೇ ಅನಿಸುತ್ತದೆ.

ಹಾಳೆಯನ್ನು ಕೆಲಸಕ್ಕೆ ಹೋಗುವಾಗ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಬಿಡುವಿನಲ್ಲಿ ತೆಗೆದು ಓದುತ್ತಿದ್ದಾಗ ಜೊತೆಯವಳು ಏನದು ಎಂದಳು. ಇಟ್ಟಿಗೆಯದು ಎಂದೆ. ನಾಲ್ಕನೇ ಪುಟ ಓದಿ, "ಅಯ್ಯೋ ಪಾಪ, ಯಾರೋ," ಎಂದಳು. ನನ್ನ ಮಗ, ವೇಡ್, ಎಂದೆ. ಇಲ್ಲಿಗೆ ಬಂದಮೇಲೆ ಅವನ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಇಲ್ಲಿಯವರಿಗೆ ನನಗೆ ಒಬ್ಬ ಮಗ ಇದ್ದನೆಂದೇ ಗೊತ್ತಿರಲಿಲ್ಲ.

ಅವನು ತಿನ್ನುವಾಗ ನಾನು ಕುರ್ಚಿ ಹಿಡಿದು ನಿಲ್ಲುತ್ತಿದ್ದುದನ್ನು ನೀನು ನೋಡಿದ್ದೀಯ ಎಂದು ನನಗೆ ಗೊತ್ತಿರಲಿಲ್ಲ.

ರೊಟ್ಟಿ ಬಿರಿದದ್ದು ಹಿಟ್ಟು ಬಿಗಿಯಾದದ್ದರಿಂದ. ಹಾಲು ಸ್ವಲ್ಪ ಹೆಚ್ಚು ಹಾಕು.

ಮಾಡಿನ ಮೇಲೆ ಹಿಮ ನಿಂತಿದೆಯೇ?

ಅಮ್ಮ


ಹಾಲಿಸ್ ರನ್
ಫೆಬ್ರವರಿ 3

ಅಮ್ಮಾ,

ನಿಂತಿದೆ.

ಬೆಳಿಗ್ಗೆ ಹೋಗಿ ನೋಡಿಬಂದೆ. ಗೂಡು ಆರಿಸಿದ ಮೊದಲ ವಾರ ಬಿದ್ದದ್ದು ಕರಗಿತು, ಒಳಗೆ ಇನ್ನೂ ಬಿಸಿ ಇತ್ತು. ನಿನ್ನೆ ಬಿದ್ದದ್ದು ಹಾಗೇ ಇದೆ, ಒಂದು ಗೇಣು. ಎಮಿಟ್ ಬೇಲಿಯ ಹತ್ತಿರ ನಿಂತಿದ್ದ. ನನ್ನನ್ನು ನೋಡಿಯೂ ಹೋಗಿಬಿಡಲಿಲ್ಲ. ಇಬ್ಬರೂ ಅದನ್ನೇ ನೋಡುತ್ತ ನಿಂತಿದ್ದೆವು.

ಅಡುಗೆಮನೆ ಪರದೆಯ ಪಿನ್ನು ತೆಗೆದಿಲ್ಲ. ಅದು ನೀನು ಚುಚ್ಚಿದ್ದು.

ಫೋನ್ ಮಾಡುವುದಿಲ್ಲ. ನೀನು ಮಾಡಿದರೆ ಎತ್ತುತ್ತೇನೆ. ಎತ್ತಿ, ನಾನು ಏನೂ ಮಾತಾಡುವುದಿಲ್ಲ, ಹಲೋ ಎಂದೂ ಅನ್ನುವುದಿಲ್ಲ.

ಡಾರ್ಸಿ